ಬೂಲಾಕಿನ ಕಾವಲುಗಾರ: ಒಗ್ಯುಸ್ತ್ ಮಾರಿಯೆಟ್

ಈ ಸುವರ್ಣ ಮಹೋತ್ಸವ ಸಂಚಿಕೆಯಲ್ಲಿ ನಮ್ಮ ಶಾಲೆಯನ್ನು ಕಟ್ಟಿದ ಹಿರಿಯರ ಬಗ್ಗೆ, ಇಲ್ಲಿ ಪಾಠ ಹೇಳಿದ ಗುರುಗಳ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ನಾನು ಬಹು ದೂರದ ದೇಶದ ಒಬ್ಬ ಮೇಷ್ಟ್ರ ಕತೆಯನ್ನು ಆರಿಸಿಕೊಂಡಿದ್ದೇನೆ. ಹೈಸ್ಕೂಲಿನಲ್ಲಿ ಈಜಿಪ್ಟಿನ ಪಾಠ ಓದಿದವರಿಗೆಲ್ಲ ಪಿರಮಿಡ್ಡು, ಮಮ್ಮಿ, ನೈಲ್ ನದಿ ನೆನಪಿನಲ್ಲಿ ಉಳಿದಿರುತ್ತವೆ. ಆದರೆ ಆ ನಾಡಿನ ಹಳೆಯ ವಸ್ತುಗಳಲ್ಲಿ ಒಂದು ಪಾಲಾದರೂ ಇವತ್ತಿಗೂ ಆ ನಾಡಿನಲ್ಲೇ ಹೇಗೆ ಉಳಿಯಿತು ಎಂಬುದು ಪಠ್ಯಪುಸ್ತಕದಲ್ಲಿ ಬರುವುದಿಲ್ಲ. ಆ ಕತೆಯ ನಡುವೆ ನಿಂತಿರುವವನು ಒಗ್ಯುಸ್ತ್ ಮಾರಿಯೆಟ್. ಆತ ಸಂತನೇನಲ್ಲ. ಮೊದಲು ಸಾಗಿಸಿದವನು, ಆಮೇಲೆ ಕಾದವನು. ಹಾಗೆ ಕಾಯುವಾಗಲೂ ಒಂದು ದೊಡ್ಡ ತಪ್ಪು ಮಾಡಿದವನು.

ಮಾರಿಯೆಟ್ ಹುಟ್ಟಿದ್ದು 1821ರ ಫೆಬ್ರವರಿಯಲ್ಲಿ, ಫ್ರಾನ್ಸಿನ ಉತ್ತರ ಕರಾವಳಿಯ ಬೂಲೋನ್ ಎಂಬ ಬಂದರು ಊರಿನಲ್ಲಿ. ತಂದೆ ಪುರಸಭೆಯಲ್ಲಿ ಗುಮಾಸ್ತ. ಅದೇ 1821ರಲ್ಲಿ ಈಜಿಪ್ಟಿನಲ್ಲಿ ಒಂದು ಘಟನೆ ನಡೆಯಿತು. ದೆಂದೆರಾ ಎಂಬಲ್ಲಿಯ ದೇವಾಲಯದ ಚಾವಣಿಯಲ್ಲಿ ರಾಶಿಚಕ್ರವನ್ನು ಕೆತ್ತಿದ್ದ ದೊಡ್ಡ ಕಲ್ಲಿತ್ತು. ಫ್ರಾನ್ಸಿನಿಂದ ಬಂದವನೊಬ್ಬ ಗರಗಸ ಹಾಕಿ, ಮದ್ದು ಸಿಡಿಸಿ, ಅದನ್ನು ಚಾವಣಿಯಿಂದ ಬಿಡಿಸಿಕೊಂಡು ಹಡಗಿಗೇರಿಸಿ ಪ್ಯಾರಿಸ್ಸಿಗೆ ಒಯ್ದ. ಅದು ಇವತ್ತಿಗೂ ಅಲ್ಲೇ ಇದೆ. ಆ ಕಾಲದಲ್ಲಿ ಇದು ಕಳ್ಳತನ ಎನಿಸಿಕೊಳ್ಳುತ್ತಿರಲಿಲ್ಲ. ಬ್ರಿಟನ್ನಿನ ರಾಯಭಾರಿ ಸಾಲ್ಟ್, ಫ್ರಾನ್ಸಿನ ರಾಯಭಾರಿ ದ್ರೊವೆತ್ತಿ ಇಬ್ಬರೂ ಪೈಪೋಟಿಯ ಮೇಲೆ ವಿಗ್ರಹಗಳನ್ನು, ಶವಪೆಟ್ಟಿಗೆಗಳನ್ನು ಗುಡ್ಡೆ ಹಾಕಿ ಯೂರೋಪಿನ ಮ್ಯೂಸಿಯಂಗಳಿಗೆ ಮಾರುತ್ತಿದ್ದರು. ಈಜಿಪ್ಟನ್ನು ಆಳುತ್ತಿದ್ದ ಮುಹಮ್ಮದ್ ಅಲಿಗೆ ಕಾರ್ಖಾನೆ ಬೇಕಿತ್ತು, ಕಾಲುವೆ ಬೇಕಿತ್ತು, ಸೈನ್ಯ ಬೇಕಿತ್ತು. ಕಲ್ಲು ವಿಗ್ರಹಗಳನ್ನು ಕೊಟ್ಟು ಯೂರೋಪಿನ ಸ್ನೇಹ ಸಿಗುವುದಾದರೆ ಅವನಿಗೆ ಅದು ಅಗ್ಗದ ವ್ಯಾಪಾರ.

ಮಾರಿಯೆಟ್ ಹದಿನೆಂಟನೇ ವಯಸ್ಸಿಗೆ ಇಂಗ್ಲೆಂಡಿಗೆ ಹೋಗಿ ಸ್ಟ್ರಾಟ್‌ಫರ್ಡ್ ಎಂಬ ಊರಿನ ಶಾಲೆಯಲ್ಲಿ ಹುಡುಗರಿಗೆ ಫ್ರೆಂಚ್ ಭಾಷೆ ಮತ್ತು ಚಿತ್ರಕಲೆ ಹೇಳಿಕೊಟ್ಟ. ಆಮೇಲೆ ಕವೆಂಟ್ರಿಯಲ್ಲಿ ರಿಬ್ಬನ್ನುಗಳ ಮೇಲೆ ಹೂವು ಬಳ್ಳಿಯ ವಿನ್ಯಾಸ ಬರೆಯುವ ಕೆಲಸ ಮಾಡಿದ. ಎರಡೂ ಕೈ ಹಿಡಿಯಲಿಲ್ಲ. ಊರಿಗೆ ಮರಳಿ ಪರೀಕ್ಷೆ ಕಟ್ಟಿ ಪಾಸಾಗಿ, ತಾನು ಓದಿದ ಬೂಲೋನಿನ ಶಾಲೆಯಲ್ಲೇ ಮಾಸ್ತರನಾದ. ಬಿಡುವಿನಲ್ಲಿ ಸ್ಥಳೀಯ ಪತ್ರಿಕೆಗೆ ಬರೆಯುತ್ತಿದ್ದ. ಅಲ್ಲಿಗೆ ಜೀವನ ಒಂದು ದಾರಿಗೆ ಬಿತ್ತು ಎಂದು ಮನೆಯವರು ಅಂದುಕೊಂಡಿರಬೇಕು.

ಅಷ್ಟರಲ್ಲಿ ಮನೆಗೆ ಒಂದು ಪೆಟ್ಟಿಗೆ ತುಂಬ ಕಾಗದ ಬಂತು. ಮಾರಿಯೆಟ್‌ನ ಬಂಧು ನೆಸ್ತೋರ್ ಲೋತ್ ಎಂಬುವವನು ಚಿತ್ರಕಾರ. ಈಜಿಪ್ಟಿನ ಚಿತ್ರಲಿಪಿಯ ಗುಟ್ಟನ್ನು 1822ರಲ್ಲಿ ಬಿಡಿಸಿದ ಶಾಂಪೋಲಿಯನ್ ಈಜಿಪ್ಟಿಗೆ ಹೋದಾಗ ಜೊತೆಯಲ್ಲಿ ಹೋಗಿ ಗೋಡೆಬರಹಗಳನ್ನು ನಕಲು ಮಾಡಿಕೊಂಡು ಬಂದಿದ್ದವನು. 1842ರಲ್ಲಿ ಆತ ತೀರಿಕೊಂಡಾಗ ಅವನ ಕಾಗದಪತ್ರಗಳು ಮಾರಿಯೆಟ್ ಮನೆಗೆ ಬಂದವು. ಅವನ್ನು ಜೋಡಿಸಿಡುವ ಕೆಲಸ ಈ ಹುಡುಗ ಮೇಷ್ಟ್ರ ಪಾಲಿಗೆ ಬಿತ್ತು. ಹಕ್ಕಿ, ಹಾವು, ಕಣ್ಣು, ಕೈಗಳ ಆ ಸಾಲುಗಳನ್ನು ನೋಡುತ್ತ ನೋಡುತ್ತ ಅವನಿಗೆ ಹುಚ್ಚು ಹಿಡಿಯಿತು. ಊರಿನ ಚಿಕ್ಕ ಮ್ಯೂಸಿಯಂನಲ್ಲಿ ಈಜಿಪ್ಟಿನ ಒಂದು ಮಮ್ಮಿ ಪೆಟ್ಟಿಗೆಯೂ ಇತ್ತು. ಶಾಂಪೋಲಿಯನ್ ಬರೆದ ವ್ಯಾಕರಣ ತರಿಸಿಕೊಂಡು, ಗುರುವಿಲ್ಲದೆ, ಶಾಲೆ ಬಿಟ್ಟ ಮೇಲಿನ ಹೊತ್ತಿನಲ್ಲಿ ಓದಿ ಕಲಿತ. ಚಿತ್ರಲಿಪಿಯ ಬಾತುಕೋಳಿ ಒಮ್ಮೆ ಕುಟುಕಿದರೆ ಸಾಕು, ಆ ವಿಷ ಜನ್ಮವಿಡೀ ಇಳಿಯುವುದಿಲ್ಲ ಎಂದು ಆತ ಮುಂದೆ ತಮಾಷೆ ಮಾಡುತ್ತಿದ್ದನಂತೆ.

ಅಷ್ಟು ಹೊತ್ತಿಗೆ ಮದುವೆಯಾಗಿತ್ತು, ಮಕ್ಕಳಾಗಿದ್ದವು. ಮೇಷ್ಟ್ರ ಕೆಲಸ ಬಿಟ್ಟು ಪ್ಯಾರಿಸ್ಸಿಗೆ ಹೋಗಿ 1849ರಲ್ಲಿ ಲೂವ್ರ್ ಮ್ಯೂಸಿಯಂನಲ್ಲಿ ಒಂದು ಸಣ್ಣ ನೌಕರಿ ಹಿಡಿದ. ಮರುವರ್ಷ ಅವನನ್ನು ಈಜಿಪ್ಟಿಗೆ ಕಳಿಸಿದರು. ಕೆಲಸ ಅಗೆಯುವುದಲ್ಲ, ಹಳೆಯ ಹಸ್ತಪ್ರತಿಗಳನ್ನು ಕೊಂಡು ತರುವುದು. ಈಜಿಪ್ಟಿನ ಕ್ರೈಸ್ತರಾದ ಕಾಪ್ಟರ ಮಠಗಳಲ್ಲಿ ಅಂಥ ಗ್ರಂಥಗಳಿದ್ದವು. ಆದರೆ ಅವನಿಗಿಂತ ಮುಂಚೆ ಬಂದಿದ್ದ ಇಂಗ್ಲಿಷರು ಅವನ್ನು ಮೂಟೆಗಟ್ಟಲೆ ಸಾಗಿಸಿಬಿಟ್ಟಿದ್ದರು. ಮೊದಲು ಬಂದವರಿಂದ ಪಾಠ ಕಲಿತಿದ್ದ ಕಾಪ್ಟರ ಧರ್ಮಗುರುಗಳು ಈ ಹೊಸ ಗಿರಾಕಿಗೆ ಬಾಗಿಲು ತೆರೆಯಲಿಲ್ಲ.

ಬರಿಗೈಲಿ ಕೈರೋದಲ್ಲಿ ಕಾಯುತ್ತಿದ್ದಾಗ ಮಾರಿಯೆಟ್‌ನ ಕಣ್ಣಿಗೆ ಒಂದು ಸಂಗತಿ ಬಿತ್ತು. ಅಲೆಕ್ಸಾಂಡ್ರಿಯಾ ಮತ್ತು ಕೈರೋದ ಶ್ರೀಮಂತರ ತೋಟಗಳಲ್ಲಿ ಒಂದೇ ಅಚ್ಚಿನ ಕಲ್ಲಿನ ಸ್ಫಿಂಕ್ಸುಗಳಿದ್ದವು. ಸಿಂಹದ ಮೈ, ಮನುಷ್ಯನ ಮುಖ. ಇವೆಲ್ಲ ಎಲ್ಲಿಂದ ಬಂದವು? ಸಕ್ಕಾರಾ ಎಂಬ ಮರಳುಗಾಡಿನ ಸ್ಮಶಾನಭೂಮಿಗೆ ಹೋದಾಗ ಅಲ್ಲೂ ಅಂಥದೇ ಒಂದು ತಲೆ ಮರಳಿನಿಂದ ಮೇಲೆದ್ದಿತ್ತು. ಆಗ ಎರಡು ಸಾವಿರ ವರ್ಷದ ಹಿಂದಿನ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬರೆದದ್ದು ನೆನಪಾಯಿತು. ಆಪಿಸ್ ಎಂಬ ಪವಿತ್ರ ಹೋರಿಗಳ ಸಮಾಧಿ ದೇವಾಲಯಕ್ಕೆ ಹೋಗುವ ದಾರಿಯ ಇಕ್ಕೆಲದಲ್ಲಿ ಸ್ಫಿಂಕ್ಸುಗಳಿದ್ದವೆಂದೂ ಗಾಳಿಗೆ ಬಂದ ಮರಳು ಅವನ್ನು ಹೂಳುತ್ತಿತ್ತೆಂದೂ ಸ್ಟ್ರಾಬೋ ಹೇಳಿದ್ದ. ಪುಸ್ತಕ ಓದಿದವನಿಗೆ ನೆಲ ಕಾಣಿಸಿತು. 1850ರ ನವೆಂಬರ್ 1ರಂದು, ಯಾರ ಅಪ್ಪಣೆಯನ್ನೂ ಕೇಳದೆ, ಹಸ್ತಪ್ರತಿಗೆಂದು ಕೊಟ್ಟ ದುಡ್ಡಿನಲ್ಲಿ ಮೂವತ್ತು ಆಳುಗಳನ್ನು ಇಟ್ಟುಕೊಂಡು ಅಗೆಯಲು ಶುರು ಮಾಡಿದ. ಸರ್ಕಾರಿ ಹಣವನ್ನು ಒಂದು ಬಾಬಿನಿಂದ ಇನ್ನೊಂದು ಬಾಬಿಗೆ ತಿರುಗಿಸಿದರೆ ಏನಾಗುತ್ತದೆಂದು ನಮ್ಮ ಮುಖ್ಯೋಪಾಧ್ಯಾಯರಾಗಿದ್ದವರೆಲ್ಲ ಬಲ್ಲರು. ಮಾರಿಯೆಟ್‌ನ ಅದೃಷ್ಟ ಚೆನ್ನಾಗಿತ್ತು.

ಒಂದಾದ ಮೇಲೊಂದು ನೂರಕ್ಕೂ ಮಿಕ್ಕಿ ಸ್ಫಿಂಕ್ಸುಗಳು ಎದ್ದುಬಂದವು. ಮರಳು ತೋಡಿದಷ್ಟೂ ಮತ್ತೆ ಕುಸಿಯುತ್ತಿತ್ತು. ಮಣ್ಣಿಟ್ಟಿಗೆಯ ಒಂದು ಗುಡಿಸಲು ಕಟ್ಟಿಕೊಂಡು ಚೇಳು ಹಾವುಗಳ ನಡುವೆ ಅಲ್ಲೇ ಉಳಿದ. ಸುದ್ದಿ ಮುಟ್ಟಿದ ಮೇಲೆ ಫ್ರಾನ್ಸಿನ ಸಂಸತ್ತು 30,000 ಫ್ರಾಂಕ್ ಮಂಜೂರು ಮಾಡಿತು. 1851ರ ನವೆಂಬರ್ 12ರಂದು ಕೊನೆಗೂ ಆ ನೆಲಮಾಳಿಗೆಗೆ ಇಳಿದ. ಬಂಡೆಯಲ್ಲಿ ಕೊರೆದ ಉದ್ದನೆಯ ಓಣಿ, ಅದರ ಎರಡೂ ಬದಿ ಕೋಣೆಗಳು, ಕೋಣೆಗಳಲ್ಲಿ ಒಂದೊಂದೂ ಹಲವು ಹತ್ತು ಟನ್ ತೂಗುವ ಗ್ರಾನೈಟ್ ಪೆಟ್ಟಿಗೆಗಳು, ಒಟ್ಟು 24. ಹೋರಿಗಳನ್ನು ರಾಜರಂತೆ ಹೂಳುತ್ತಿದ್ದ ಜಾಗ ಅದು. ಇದಕ್ಕೆ ಸೆರಾಪಿಯಮ್ ಎಂದು ಹೆಸರು. ಬಹುತೇಕ ಪೆಟ್ಟಿಗೆಗಳನ್ನು ಕಳ್ಳರು ಯಾವತ್ತೋ ಬರಿದು ಮಾಡಿದ್ದರು. ಆದರೆ ಮುಂದೆ ಇನ್ನೊಂದು ಕಡೆ, ರಾಮ್ಸೆಸ್ ದೊರೆಯ ಕಾಲದಿಂದ ಯಾರೂ ಮುಟ್ಟದ ಒಂದು ಕೋಣೆ ಸಿಕ್ಕಿತು. ಅದರ ನೆಲದ ಧೂಳಿನಲ್ಲಿ ಬರಿಗಾಲಿನ ಹೆಜ್ಜೆ ಗುರುತುಗಳಿದ್ದವು. ಮೂರು ಸಾವಿರ ವರ್ಷದ ಹಿಂದೆ ಕೊನೆಯದಾಗಿ ಹೊರಗೆ ಬಂದು ಬಾಗಿಲು ಮುಚ್ಚಿದ ಕೂಲಿಯವನ ಹೆಜ್ಜೆಗಳು. ಚಿನ್ನಕ್ಕಿಂತ ಆ ಹೆಜ್ಜೆಗಳೇ ಮಾರಿಯೆಟ್‌ನನ್ನು ಅಲ್ಲಾಡಿಸಿದವು.

ಆದರೂ ಅಲ್ಲಿ ಸಿಕ್ಕ ವಸ್ತುಗಳನ್ನು ಆತ ಏನು ಮಾಡಿದ? ಫ್ರಾನ್ಸಿಗೆ ಸಾಗಿಸಿದ. ಈಜಿಪ್ಟಿನ ದೊರೆ ಅಬ್ಬಾಸ್ ಅಗೆತ ನಿಲ್ಲಿಸಬೇಕೆಂದು ಹುಕುಂ ಮಾಡಿದಾಗ ರಾತ್ರಿ ಹೊತ್ತು ಅಗೆದ. ರಾಜಿಯಾಗಿ ಐನೂರಕ್ಕೂ ಮಿಕ್ಕಿದ ವಸ್ತುಗಳನ್ನು ಒಯ್ಯಲು ಅನುಮತಿ ಸಿಕ್ಕಿತು. ಒಯ್ದದ್ದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು, ಸುಮಾರು 6,000. ಕಾವಲಿನವರ ಕಣ್ಣು ತಪ್ಪಿಸಿ ಪೆಟ್ಟಿಗೆಗಳಲ್ಲಿ ಅಡಗಿಸಿ ಕಳಿಸಿದ. ಕಾಲು ಮಡಿಸಿ ಕೂತು ಬರೆಯಲು ಸಿದ್ಧನಾಗಿರುವ ಲಿಪಿಕಾರನ ವಿಗ್ರಹದ ಚಿತ್ರವನ್ನು ನಮ್ಮಲ್ಲೂ ಅನೇಕರು ಪುಸ್ತಕಗಳಲ್ಲಿ ನೋಡಿರಬಹುದು. ಅದೂ ಸಕ್ಕಾರಾದಲ್ಲಿ ಅದೇ ಹೊತ್ತಿನಲ್ಲಿ ಸಿಕ್ಕಿದ್ದು, ಈಗ ಲೂವ್ರ್‌ನಲ್ಲಿದೆ. ಮಾರಿಯೆಟ್‌ನ ಜೀವನ ಇಲ್ಲಿಗೇ ನಿಂತಿದ್ದರೆ ಸಾಲ್ಟ್, ದ್ರೊವೆತ್ತಿಯರ ಸಾಲಿನಲ್ಲಿ ಅವನದೂ ಒಂದು ಹೆಸರಾಗುತ್ತಿತ್ತು.

ಪ್ಯಾರಿಸ್ಸಿಗೆ ಹೋಗಿ ಲೂವ್ರ್‌ನಲ್ಲಿ ಬಡ್ತಿ ಪಡೆದರೂ ಮನಸ್ಸು ನಿಲ್ಲಲಿಲ್ಲ. 1857ರಲ್ಲಿ ಮತ್ತೆ ಈಜಿಪ್ಟಿಗೆ ಬರುವ ದಾರಿ ತೆರೆದದ್ದು ಒಂದು ನಗೆಪಾಟಲಿನ ಕಾರಣದಿಂದ. ಫ್ರಾನ್ಸಿನ ಚಕ್ರವರ್ತಿಯ ದಾಯಾದಿ ರಾಜಕುಮಾರನೊಬ್ಬ ಈಜಿಪ್ಟಿಗೆ ಬರುವವನಿದ್ದ. ಬಂದಾಗ ಅವನ ಕಣ್ಣೆದುರೇ ಏನಾದರೂ ನೆಲದಿಂದ ಸಿಗಬೇಕಲ್ಲ? ಮೊದಲೇ ಅಗೆದು, ಸಿಕ್ಕಿದ್ದನ್ನು ಮತ್ತೆ ಹೂತಿಟ್ಟು, ಸಾಹೇಬರು ಬಂದಾಗ ತೆಗೆದು ತೋರಿಸುವ ಏರ್ಪಾಡು ಅದು. ಇನ್‌ಸ್ಪೆಕ್ಷನ್ನಿಗೆ ಮುನ್ನ ಶಾಲೆಗಳಲ್ಲಿ ನಡೆಯುವ ತಯಾರಿಯನ್ನು ಕಂಡವರಿಗೆ ಇದು ಹೊಸದೇನೂ ಅನ್ನಿಸದು. ರಾಜಕುಮಾರ ಬರಲೇ ಇಲ್ಲ. ಆದರೆ ಆ ನೆಪದಲ್ಲಿ ಮಾರಿಯೆಟ್‌ಗೆ ಹೊಸ ದೊರೆ ಸಯೀದ್ ಪಾಷಾನ ಪರಿಚಯ ಗಟ್ಟಿಯಾಯಿತು. ಸೂಯೆಜ್ ಕಾಲುವೆಯ ಲೆಸೆಪ್ಸ್ ಕೂಡ ಅವನ ಪರವಾಗಿ ಮಾತಾಡಿದ. 1858ರ ಜೂನ್ 1ರಂದು ಸಯೀದ್ ಅವನನ್ನು ಈಜಿಪ್ಟಿನ ಪ್ರಾಚ್ಯವಸ್ತುಗಳ ಅಧಿಕಾರಿಯಾಗಿ ನೇಮಿಸಿದ. ಅಲ್ಲಿಂದ ಅವನಿಗೆ ಸಂಬಳ ಕೊಡುವ ದಣಿ ಫ್ರಾನ್ಸ್ ಅಲ್ಲ, ಈಜಿಪ್ಟು.

ಇಲ್ಲಿ ಒಂದು ಮಾತು ಸೇರಿಸಬೇಕು. ಹಳೆಯ ವಸ್ತುಗಳನ್ನು ಉಳಿಸಬೇಕೆಂಬ ವಿಚಾರ ಈಜಿಪ್ಟಿನವರಿಗೆ ಮಾರಿಯೆಟ್ ಬಂದ ಮೇಲೆ ಹೊಳೆದದ್ದಲ್ಲ. 1835ರಲ್ಲೇ ಮುಹಮ್ಮದ್ ಅಲಿ ಪ್ರಾಚೀನ ವಸ್ತುಗಳನ್ನು ಹೊರದೇಶಕ್ಕೆ ಒಯ್ಯಬಾರದೆಂದು ಆಜ್ಞೆ ಹೊರಡಿಸಿದ್ದ. ಸಿಕ್ಕವನ್ನೆಲ್ಲ ವಿದ್ವಾಂಸ ರಿಫಾ ಅಲ್ ತಹ್ತಾವಿಯ ವಶಕ್ಕೆ ಕೊಡಬೇಕೆಂದು ಅದರಲ್ಲಿತ್ತು. ತಹ್ತಾವಿ ಭಾಷಾ ಶಾಲೆಯನ್ನು ನಡೆಸುತ್ತಿದ್ದವನು, ಅಂದರೆ ಅವನೂ ಒಬ್ಬ ಮೇಷ್ಟ್ರೇ. ಆಜ್ಞೆ ಕಾಗದದಲ್ಲಿ ಉಳಿಯಿತು. ದೊರೆಗಳೇ ಬಂದ ಅತಿಥಿಗಳಿಗೆ ಉಡುಗೊರೆ ಕೊಡುತ್ತ ಆ ಸಂಗ್ರಹವನ್ನು ಕರಗಿಸಿದರು. ಉಳಿದದ್ದನ್ನು 1855ರಲ್ಲಿ ಆಸ್ಟ್ರಿಯಾದ ರಾಜಕುಮಾರನಿಗೆ ಕೊಟ್ಟು ಕೈತೊಳೆದುಕೊಂಡವನು ಇದೇ ಸಯೀದ್. ಹಾಗಾಗಿ ಮಾರಿಯೆಟ್‌ನ ಕೈಗೆ ಬಂದದ್ದು ಹುದ್ದೆ ಮಾತ್ರ. ಮ್ಯೂಸಿಯಂ ಕಟ್ಟಡವೂ ಇಲ್ಲ, ಅದರಲ್ಲಿಡಲು ವಸ್ತುಗಳೂ ಇಲ್ಲ. ಕೈರೋದ ಬೂಲಾಕ್ ಎಂಬಲ್ಲಿ ನೈಲ್ ದಂಡೆಯ ಮೇಲೆ ಒಂದು ಸಾರಿಗೆ ಕಂಪನಿ ಬಿಟ್ಟುಹೋಗಿದ್ದ ಕಚೇರಿ ಮತ್ತು ಉಗ್ರಾಣಗಳು ಸಿಕ್ಕವು. ಅಲ್ಲೇ ವಸ್ತುಗಳನ್ನು ಜೋಡಿಸಿ, ಪಕ್ಕದಲ್ಲೇ ಹೆಂಡತಿ ಮಕ್ಕಳೊಡನೆ ವಾಸಕ್ಕೆ ಇಳಿದ.

ಹುದ್ದೆಗೆ ಬಂದ ಒಂದು ವರ್ಷದೊಳಗೆ ಅವನ ಹೊಸ ಮುಖ ಎಲ್ಲರಿಗೂ ಗೊತ್ತಾಯಿತು. 1859ರಲ್ಲಿ ಲಕ್ಸರ್ ಎದುರಿನ ದಂಡೆಯಲ್ಲಿ ಅವನ ಆಳುಗಳಿಗೆ ರಾಣಿ ಆಹ್‌ಹೋತೆಪಳ ಚಿನ್ನದ ಲೇಪದ ಶವಪೆಟ್ಟಿಗೆ ಸಿಕ್ಕಿತು. ಮಾರಿಯೆಟ್ ಅಲ್ಲಿರಲಿಲ್ಲ. ಕೆನಾ ಪ್ರಾಂತ್ಯದ ಅಧಿಕಾರಿ ಪೆಟ್ಟಿಗೆಯನ್ನು ತರಿಸಿಕೊಂಡು ತೆರೆದು, ಮಮ್ಮಿಯನ್ನು ಬಿಚ್ಚಿ, ಎಲುಬುಗಳನ್ನು ಎಸೆದು, ಒಡವೆಗಳನ್ನು ಮಾತ್ರ ದೊರೆಗೆ ತಾನೇ ಕಾಣಿಕೆ ಒಪ್ಪಿಸಲು ದೋಣಿಯಲ್ಲಿ ಕೈರೋಗೆ ಕಳಿಸಿದ. ಚಿನ್ನದ ಹಿಡಿಯ ಬಾಕು, ರಾಜನ ಹೆಸರಿದ್ದ ಕೊಡಲಿ, ಯುದ್ಧದಲ್ಲಿ ಶೌರ್ಯ ಮೆರೆದವರಿಗೆ ಕೊಡುತ್ತಿದ್ದ ಚಿನ್ನದ ನೊಣಗಳ ಸರ, ಎಲ್ಲವೂ ಅದರಲ್ಲಿದ್ದವು. ಸುದ್ದಿ ತಿಳಿದ ಮಾರಿಯೆಟ್ ಹಬೆ ದೋಣಿ ಹತ್ತಿ ನೈಲ್ ನದಿಯಲ್ಲಿ ಎದುರಾಗಿ ಹೋದ. ಆ ದೋಣಿಯನ್ನು ತಡೆದು ಹತ್ತಿ, ಮೊದಲು ಬಾಯಿ ಜಗಳ, ಆಮೇಲೆ ಕೈ ಕೈ ಮಿಲಾಯಿಸಿ, ಪೆಟ್ಟಿಗೆಯನ್ನು ಕಿತ್ತುಕೊಂಡು ಬಂದ. ನೇರವಾಗಿ ಸಯೀದ್‌ನ ಬಳಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ದೊರೆ ಬಿದ್ದು ಬಿದ್ದು ನಕ್ಕನಂತೆ. ಹೆಂಡತಿಗೆಂದು ಒಂದು ಚಿನ್ನದ ಸರ ಇಟ್ಟುಕೊಂಡ. ಅದೂ ಆಮೇಲೆ ಮ್ಯೂಸಿಯಂಗೆ ಬಂತು. ಇವಕ್ಕೆಲ್ಲ ಒಂದು ಸರಿಯಾದ ಮನೆ ಬೇಕೆಂದು ದೊರೆಗೆ ಮನವರಿಕೆಯಾದದ್ದು ಆಗಲೇ. ಬೂಲಾಕ್ ಮ್ಯೂಸಿಯಂ ವಿಧ್ಯುಕ್ತವಾಗಿ ತೆರೆದದ್ದು 1863ರಲ್ಲಿ, ಸಯೀದ್‌ನ ನಂತರ ಬಂದ ಇಸ್ಮಾಯಿಲ್‌ನ ಕೈಯಿಂದ.

ಆ ವರ್ಷಗಳಲ್ಲಿ ಮಾರಿಯೆಟ್ ಮೂವತ್ತಕ್ಕೂ ಹೆಚ್ಚು ಕಡೆ ಅಗೆಸಿದ. 1860ರಲ್ಲಿ ಗಿಜಾದಲ್ಲಿ ಖಾಫ್ರೆ ದೊರೆಯ ಕಪ್ಪು ಕಲ್ಲಿನ ವಿಗ್ರಹ ಸಿಕ್ಕಿತು. ತಲೆಯ ಹಿಂದೆ ರೆಕ್ಕೆ ಹರಡಿ ಕೂತ ಗಿಡುಗವಿದೆ. ಅದೇ ವರ್ಷ ಸಕ್ಕಾರಾದಲ್ಲಿ ಕೈಲಿ ಕೋಲು ಹಿಡಿದ, ಹೊಟ್ಟೆ ಬಂದ ಒಬ್ಬ ಹಿರಿಯನ ಮರದ ವಿಗ್ರಹ ಎದ್ದಾಗ ಅಗೆಯುತ್ತಿದ್ದ ರೈತರು ಒಟ್ಟಾಗಿ ಕೂಗಿಕೊಂಡರಂತೆ. ಅದು ಥೇಟ್ ಅವರ ಊರಿನ ಶೇಖ್, ನಮ್ಮ ಕಡೆಯ ಲೆಕ್ಕದಲ್ಲಿ ಪಟೇಲರು. ನಾಲ್ಕೂವರೆ ಸಾವಿರ ವರ್ಷದ ಹಿಂದಿನ ಆ ವಿಗ್ರಹಕ್ಕೆ ಇವತ್ತಿಗೂ ಶೇಖ್ ಅಲ್ ಬಲದ್, ಅಂದರೆ ಊರ ಶೇಖ್ ಎಂದೇ ಹೆಸರು. 1871ರಲ್ಲಿ ಮೈದೂಮ್ ಎಂಬಲ್ಲಿ ರಾಹೋತೆಪ್ ಮತ್ತು ಅವನ ಹೆಂಡತಿ ನೋಫ್ರೆತ್ ಇಬ್ಬರ ಬಣ್ಣದ ವಿಗ್ರಹಗಳು ಸಿಕ್ಕವು. ಸ್ಫಟಿಕದ ಕಣ್ಣುಗಳು ದೀಪದ ಬೆಳಕಿಗೆ ಮಿನುಗಿದ್ದನ್ನು ಕಂಡು ಒಳಗೆ ಹೊಕ್ಕಿದ್ದ ಆಳು ಕಿರುಚಿ ಓಡಿದ. ಎದ್ಫು ದೇವಾಲಯವಂತೂ ಮಣ್ಣಿನಲ್ಲಿ ಹೂತುಹೋಗಿ, ಅದರ ಚಾವಣಿಯ ಮೇಲೆ ಒಂದು ಹಳ್ಳಿಯೇ ಮನೆ ಮಾಡಿಕೊಂಡಿತ್ತು. ಮನೆಗಳನ್ನು ತೆಗೆಸಿ, ಮಣ್ಣು ಹೊರಿಸಿ, ಇಡೀ ದೇವಾಲಯವನ್ನು ಹೊರತೆಗೆದ. ಇವತ್ತು ಈಜಿಪ್ಟಿನ ದೇವಾಲಯಗಳಲ್ಲೆಲ್ಲ ಹೆಚ್ಚು ಪೂರ್ಣವಾಗಿ ಉಳಿದಿರುವುದರಲ್ಲಿ ಅದೊಂದು.

ಇಷ್ಟೆಲ್ಲ ಮಣ್ಣು ಹೊತ್ತವರು ಯಾರು? ಸುತ್ತಲ ಹಳ್ಳಿಗಳ ರೈತರು, ಅದೂ ಬಿಟ್ಟಿ ಚಾಕರಿಯ ಮೇಲೆ. ಕಾಲುವೆ ತೋಡಲು ಹೇಗೋ ಹಾಗೆಯೇ ಅಗೆತಕ್ಕೂ ಹಳ್ಳಿಗೆ ಇಷ್ಟು ಜನ ಎಂದು ಸರ್ಕಾರ ಎಳೆದು ತರುತ್ತಿತ್ತು. ಈ ವಿಷಯದಲ್ಲಿ ಮಾರಿಯೆಟ್ ತನ್ನ ಕಾಲದ ದೊರೆಗಳಿಗಿಂತ ಬೇರೆಯವನಾಗಿರಲಿಲ್ಲ. ಅಗೆಯುವ ರೀತಿಯೂ ಒರಟು. ಒಂದೇ ಹೊತ್ತಿಗೆ ದೂರದೂರದ ಹಲವು ಕಡೆ ಕೆಲಸ ನಡೆಸುತ್ತ, ಎಲ್ಲ ಕಡೆ ತಾನು ನಿಲ್ಲಲಾಗದೆ ಮೇಸ್ತ್ರಿಗಳಿಗೆ ಬಿಟ್ಟ. ಬೇಕೆನಿಸಿದ ಕಡೆ ಮದ್ದು ಸಿಡಿಸಿದ. ಯಾವ ವಸ್ತು ಯಾವ ಪದರದಲ್ಲಿ ಸಿಕ್ಕಿತೆಂಬ ವಿವರ ಎಷ್ಟೋ ಸಲ ಬರೆದಿಡಲಿಲ್ಲ. ನಂತರದ ಪುರಾತತ್ವಜ್ಞರು, ಅದರಲ್ಲೂ ಇಂಗ್ಲೆಂಡಿನ ಪೀಟ್ರಿ, ಇದಕ್ಕಾಗಿ ಅವನನ್ನು ಕಟುವಾಗಿ ಟೀಕಿಸಿದರು. ಟೀಕೆ ನ್ಯಾಯವಾದದ್ದೇ. ಆದರೆ ಅದೇ ಹೊತ್ತಿನಲ್ಲಿ ಅರ್ಮಾಂತ್‌ನ ದೇವಾಲಯವನ್ನು ಕೆಡವಿ ಆ ಕಲ್ಲುಗಳಲ್ಲಿ ಸಕ್ಕರೆ ಕಾರ್ಖಾನೆ ಕಟ್ಟುತ್ತಿದ್ದರು ಎಂಬುದನ್ನೂ ಜೊತೆಗಿಟ್ಟು ನೋಡಬೇಕು.

ಅವನ ಬಾಳಿನ ದೊಡ್ಡ ಪರೀಕ್ಷೆ ಬಂದದ್ದು 1867ರಲ್ಲಿ, ತಾಯ್ನಾಡಿನಲ್ಲೇ. ಪ್ಯಾರಿಸ್ಸಿನ ಜಾಗತಿಕ ಪ್ರದರ್ಶನಕ್ಕೆ ಇಸ್ಮಾಯಿಲ್ ಈಜಿಪ್ಟಿನ ಒಂದು ಮಂಟಪ ಕಟ್ಟಿಸಿದ. ಮಾರಿಯೆಟ್ ಬೂಲಾಕಿನ ಅತ್ಯುತ್ತಮ ವಸ್ತುಗಳನ್ನು, ರಾಣಿ ಆಹ್‌ಹೋತೆಪಳ ಒಡವೆಗಳನ್ನು ಕೊಂಡೊಯ್ದು ಅಲ್ಲಿಟ್ಟ. ನೋಡಲು ಬಂದ ಫ್ರಾನ್ಸಿನ ಚಕ್ರವರ್ತಿನಿ ಯೂಜೆನಿಗೆ ಒಡವೆಗಳು ಮನಸ್ಸಿಗೆ ಬಂದವು. ಕೊಟ್ಟರೆ ಸಂತೋಷ ಎಂಬ ಮಾತು ಇಸ್ಮಾಯಿಲ್‌ಗೆ ತಲುಪಿತು. ಸಾಲಕ್ಕೂ ಸಹಾಯಕ್ಕೂ ಫ್ರಾನ್ಸಿನ ಮುಖ ನೋಡುತ್ತಿದ್ದ ದೊರೆಗೆ ಇಲ್ಲವೆನ್ನುವ ಧೈರ್ಯವಿಲ್ಲ. ಬೂಲಾಕಿನಲ್ಲಿ ತನಗಿಂತ ದೊಡ್ಡವನೊಬ್ಬನಿದ್ದಾನೆ, ಅವನನ್ನೇ ಕೇಳಬೇಕೆಂದು ಹೇಳಿ ಜಾರಿಕೊಂಡ. ಮಾರಿಯೆಟ್ ಹುಟ್ಟಿನಿಂದ ಫ್ರೆಂಚನು. ಅವನ ಮಾನ, ಪದವಿ, ಮಕ್ಕಳ ಮುಂದಿನ ದಾರಿ ಎಲ್ಲವೂ ಆ ಆಸ್ಥಾನದ ಕೃಪೆಯಲ್ಲಿತ್ತು. ಹದಿನೈದು ವರ್ಷದ ಹಿಂದೆ ಅದೇ ಪ್ಯಾರಿಸ್ಸಿಗೆ ಪೆಟ್ಟಿಗೆಗಳನ್ನು ಕದ್ದು ಸಾಗಿಸಿದವನೂ ಅವನೇ. ಆದರೂ ಒಡವೆಗಳನ್ನು ಕೊಡುವುದಿಲ್ಲ ಎಂದುಬಿಟ್ಟ. ಪ್ರದರ್ಶನ ಮುಗಿದ ಮೇಲೆ ಎಲ್ಲವನ್ನೂ ಕಟ್ಟಿಸಿಕೊಂಡು ಕೈರೋಗೆ ಮರಳಿದ. ಫ್ರಾನ್ಸಿನ ಆಸ್ಥಾನದಲ್ಲಿ ಅವನ ಬಗ್ಗೆ ಇದ್ದ ಪ್ರೀತಿ ಅಂದಿಗೆ ತಣ್ಣಗಾಯಿತು.

ಮನೆಯೊಳಗಿನ ದುಃಖವೂ ಕಡಿಮೆಯಿರಲಿಲ್ಲ. 1865ರಲ್ಲಿ ಹೆಂಡತಿ ತೀರಿಕೊಂಡಳು. ಮಕ್ಕಳಲ್ಲಿ ಹಲವರು ಅವನ ಕಣ್ಣೆದುರೇ ಹೋದರು. ಸಕ್ಕರೆ ಕಾಯಿಲೆ ಮೈ ಹಿಡಿಯಿತು, ಕಣ್ಣು ಮಂಜಾಯಿತು. ಆದರೂ ಕೆಲಸಕ್ಕೆ ಕೊನೆಯಿಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆದಾಗ ಬಂದ ರಾಜರಾಣಿಯರಿಗೆ ನೈಲ್ ದಂಡೆಯ ದೇವಾಲಯಗಳನ್ನು ತೋರಿಸುವ ಭಾರವೂ ಅವನದೇ. ಇಟಲಿಯ ಸಂಗೀತಗಾರ ವೆರ್ದಿ ರಚಿಸಿದ, ಜಗತ್ಪ್ರಸಿದ್ಧವಾದ ಐಡಾ ಸಂಗೀತ ನಾಟಕಕ್ಕೆ ಮೂಲ ಕತೆ ಬರೆದು ವೇಷಭೂಷಣ, ರಂಗಸಜ್ಜಿಕೆ ರೂಪಿಸಿದವನು ಮಾರಿಯೆಟ್. ಉಡುಪು ಹೊಲಿಸಲು ಪ್ಯಾರಿಸ್ಸಿಗೆ ಹೋಗಿದ್ದಾಗ 1870ರ ಯುದ್ಧ ಬಂದು, ಜರ್ಮನ್ ಸೈನ್ಯ ಊರನ್ನು ಮುತ್ತಿ, ಉಡುಪುಗಳ ಸಮೇತ ಅವನೂ ಅಲ್ಲೇ ಸಿಕ್ಕಿಹಾಕಿಕೊಂಡ. ನಾಟಕ ಕೈರೋದಲ್ಲಿ ಮೊದಲು ಆಡಿದ್ದು 1871ರ ಡಿಸೆಂಬರ್ 24ರಂದು.

ಇನ್ನು ನಾನು ಮೊದಲು ಹೇಳಿದ ತಪ್ಪಿನ ವಿಷಯ. ನಮ್ಮಂಥ ಶಾಲೆಯ ಸಂಚಿಕೆಯಲ್ಲಿ ಇದನ್ನು ಬಿಟ್ಟು ಮಾರಿಯೆಟ್‌ನ ಕತೆ ಹೇಳಬಾರದು. 1869ರಲ್ಲಿ ಇಸ್ಮಾಯಿಲ್ ಸರ್ಕಾರ ಕೈರೋದಲ್ಲಿ ಪ್ರಾಚೀನ ಭಾಷೆಯ ಶಾಲೆಯೊಂದನ್ನು ತೆರೆಯಿತು. ಈಜಿಪ್ಟಿನ ಹುಡುಗರಿಗೆ ಅವರದೇ ಪೂರ್ವಿಕರ ಚಿತ್ರಲಿಪಿಯನ್ನು ಕಲಿಸುವುದು ಉದ್ದೇಶ. ಪಾಠ ಹೇಳಲು ಬಂದವನು ಜರ್ಮನಿಯ ಹೈನ್ರಿಕ್ ಬ್ರುಗ್ಶ್, ಮಾರಿಯೆಟ್‌ನ ಹಳೆಯ ಗೆಳೆಯ. ಬೆರಳೆಣಿಕೆಯ ಹುಡುಗರು ಸೇರಿದರು, ಚೆನ್ನಾಗಿಯೂ ಕಲಿತರು. ಕಲಿತ ಹುಡುಗರು ಅಭ್ಯಾಸಕ್ಕೆ ಹೋಗಬೇಕಾದ ಜಾಗ ಬೂಲಾಕ್ ಮ್ಯೂಸಿಯಂ. ಆದರೆ ಅಲ್ಲಿನ ಶಾಸನಗಳನ್ನು ಈ ಹುಡುಗರು ನಕಲು ಮಾಡಿಕೊಳ್ಳಲು ಬಿಡಬಾರದೆಂದು ಮಾರಿಯೆಟ್ ತನ್ನ ನೌಕರರಿಗೆ ಹೇಳಿಬಿಟ್ಟ. ಕಲಿತವರು ನಾಳೆ ಮ್ಯೂಸಿಯಂನಲ್ಲಿ ಹುದ್ದೆ ಕೇಳುತ್ತಾರೆ, ತನ್ನ ಕೈಯಿಂದ ಅದು ತಪ್ಪಿಹೋಗುತ್ತದೆ ಎಂಬ ಅಂಜಿಕೆ. ಬಂಧುವಿನ ನಕಲು ಕಾಗದಗಳನ್ನು ನೋಡಿಕೊಂಡೇ ವಿದ್ಯೆ ಕಲಿತವನು, ಒಂದು ಕಾಲದಲ್ಲಿ ಮೇಷ್ಟ್ರಾಗಿದ್ದವನು, ಮಕ್ಕಳ ಕೈಯಿಂದ ನಕಲು ಕಾಗದ ಕಸಿದ. ಐದಾರು ವರ್ಷದಲ್ಲಿ ಶಾಲೆ ಮುಚ್ಚಿತು. ಕಲಿತವರು ಬೇರೆ ಬೇರೆ ಕಚೇರಿಗಳಲ್ಲಿ ಭಾಷಾಂತರಕಾರರಾಗಿ, ಶಿಕ್ಷಕರಾಗಿ ಚೆದುರಿದರು. ಮಾರಿಯೆಟ್ 1864ರಲ್ಲಿ ಈಜಿಪ್ಟಿನ ಶಾಲೆಗಳಿಗೆಂದೇ ಪ್ರಾಚೀನ ಚರಿತ್ರೆಯ ಪುಸ್ತಕವೊಂದನ್ನು ಬರೆದಿದ್ದ, ಅದು ಅರಬ್ಬಿಗೂ ಅನುವಾದವಾಗಿತ್ತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಈಜಿಪ್ಟಿನ ಮಕ್ಕಳು ತಮ್ಮ ಚರಿತ್ರೆ ಓದಲಿ ಎಂಬುದಕ್ಕೆ ಅವನ ಅಡ್ಡಿಯಿರಲಿಲ್ಲ. ಅವರೇ ಅದನ್ನು ಬರೆಯುವವರಾಗಬಾರದು, ಅಷ್ಟೇ.

ಕೊನೆಯ ವರ್ಷಗಳು ಕಷ್ಟದವು. 1878ರ ಅಕ್ಟೋಬರಿನಲ್ಲಿ ನೈಲ್ ಉಕ್ಕಿ ಬೂಲಾಕ್ ಮ್ಯೂಸಿಯಂ ಒಳಗೆ ನುಗ್ಗಿತು. ವಸ್ತುಗಳು ಹಾಳಾದವು, ಗಲಿಬಿಲಿಯಲ್ಲಿ ಕೆಲವು ಕಳುವಾದವು. ಎಲ್ಲಕ್ಕಿಂತ ಹೆಚ್ಚಾಗಿ, ಅವನ ಮನೆಯಲ್ಲಿದ್ದ ಪುಸ್ತಕಗಳು, ಅಗೆತದ ಟಿಪ್ಪಣಿಗಳು, ಸೆರಾಪಿಯಮ್‌ನ ದಿನಚರಿ ನೀರುಪಾಲಾದವು. ಮುಂದೆ ಬರೆದರಾಯಿತು ಎಂದು ಇಟ್ಟುಕೊಂಡಿದ್ದ ಇಪ್ಪತ್ತೆಂಟು ವರ್ಷದ ಅನುಭವ ಹಾಗೆ ಹೋಯಿತು. ಮರುವರ್ಷ ಸಾಲದಲ್ಲಿ ಮುಳುಗಿದ್ದ ಇಸ್ಮಾಯಿಲ್‌ನನ್ನು ಗಾದಿಯಿಂದ ಇಳಿಸಿದರು. ಮಾರಿಯೆಟ್‌ಗೆ ಪಾಷಾ ಪದವಿ ಸಿಕ್ಕಿತು. ಅಗೆಸಲು ದುಡ್ಡು ಸಿಗಲಿಲ್ಲ. ಅವನ ಕಾವಲಿನ ಕಾಲದಲ್ಲೇ ಅಲೆಕ್ಸಾಂಡ್ರಿಯಾದ ಎರಡು ಎತ್ತರದ ಕಲ್ಲುಕಂಬಗಳಲ್ಲಿ ಒಂದು ಲಂಡನ್ನಿಗೂ ಇನ್ನೊಂದು ನ್ಯೂಯಾರ್ಕಿಗೂ ಹಡಗೇರಿ ಹೋದವು. ಅದು ದೊರೆಗಳ ಮಟ್ಟದ ಕೊಡುಗೆ. ಬೂಲಾಕಿನವನ ಮಾತು ಅಲ್ಲಿ ನಡೆಯುವಂತಿರಲಿಲ್ಲ.

ಇನ್ನೊಂದು ಸೋಲು ಅವನ ಹಟದಿಂದಲೇ ಬಂತು. ಪಿರಮಿಡ್ಡುಗಳ ಒಳಗೆ ಬರಹ ಇರುವುದಿಲ್ಲ ಎಂದು ಆತ ಜೀವನವಿಡೀ ನಂಬಿದ್ದ. 1880ರಲ್ಲಿ ಸಕ್ಕಾರಾದ ಒಂದು ಕುಸಿದ ಪಿರಮಿಡ್ಡಿನ ಒಳಗೋಡೆಗಳಲ್ಲಿ ಲಿಪಿ ಕಂಡಿದೆ ಎಂಬ ಸುದ್ದಿ ಬಂದಾಗಲೂ ಅದು ಪಿರಮಿಡ್ಡೇ ಇರಲಾರದು ಎಂದು ವಾದಿಸಿದ. 1881ರ ಜನವರಿ ಮೊದಲ ವಾರದಲ್ಲಿ ಬ್ರುಗ್ಶ್ ಸಹೋದರರು ಇನ್ನೊಂದು ಪಿರಮಿಡ್ಡಿನೊಳಗೆ ಇಳಿದು ಬಂದು, ಗೋಡೆಯ ತುಂಬ ಬರಹವಿರುವುದನ್ನು ಹಾಸಿಗೆ ಹಿಡಿದಿದ್ದ ಮಾರಿಯೆಟ್‌ಗೆ ತಿಳಿಸಿದರು. ಆಗ ಒಪ್ಪಿಕೊಂಡ. ಎರಡು ವಾರದಲ್ಲಿ, ಜನವರಿ 18ರಂದು, ಬೂಲಾಕಿನ ಮನೆಯಲ್ಲೇ ಪ್ರಾಣ ಬಿಟ್ಟ. ಜನವರಿ 22ರಂದು ನ್ಯೂಯಾರ್ಕಿನಲ್ಲಿ ಆ ಕಲ್ಲುಕಂಬವನ್ನು ಎತ್ತಿ ನಿಲ್ಲಿಸಿದರು.

ಅವನ ಜಾಗಕ್ಕೆ ಬಂದ ಮಾಸ್ಪೆರೊ ಕೂಡ ಫ್ರೆಂಚನೇ. ಆದರೆ ಅವನ ಕಾಲದಲ್ಲಿ ಮ್ಯೂಸಿಯಂನ ಬಾಗಿಲು ಒಬ್ಬನಿಗಾದರೂ ತೆರೆಯಿತು. ಬ್ರುಗ್ಶ್ ಶಾಲೆಯಲ್ಲಿ ಕಲಿತು, ಭಾಷಾಂತರದ ಕೆಲಸದಲ್ಲಿ ದಿನ ನೂಕುತ್ತಿದ್ದ ಅಹ್ಮದ್ ಕಮಾಲ್ ಅಲ್ಲಿಗೆ ನೌಕರಿಗೆ ಸೇರಿದ. 1881ರ ಬೇಸಿಗೆಯಲ್ಲಿ ದೇರ್ ಅಲ್ ಬಹ್ರಿಯ ಬೆಟ್ಟದ ಗುಹೆಯಿಂದ ರಾಮ್ಸೆಸ್ ಮೊದಲಾದ ದೊರೆಗಳ ಮಮ್ಮಿಗಳನ್ನು ಹೊರತೆಗೆದಾಗ ಸ್ಥಳದಲ್ಲಿ ನಿಂತು ಕೆಲಸ ಮಾಡಿದವರಲ್ಲಿ ಅವನೂ ಒಬ್ಬ. ಈಜಿಪ್ಟಿನಲ್ಲೇ ಹುಟ್ಟಿ ಈ ವಿದ್ಯೆಯಲ್ಲಿ ವಿದ್ವಾಂಸನೆನಿಸಿಕೊಂಡ ಮೊದಲಿಗ ಆತ. ಪ್ರಾಚೀನ ಈಜಿಪ್ಟಿನ ಭಾಷೆಗೆ 22 ಸಂಪುಟಗಳ ನಿಘಂಟನ್ನು ಕೈಬರಹದಲ್ಲೇ ಸಿದ್ಧಪಡಿಸಿದ. 1922ರಲ್ಲಿ ತುತಾಂಖಾಮನ್‌ನ ಗೋರಿ ಸಿಕ್ಕಿ ಲೋಕವೆಲ್ಲ ಈಜಿಪ್ಟಿನತ್ತ ತಿರುಗಿದಾಗ, ನಮ್ಮ ಹುಡುಗರಿಗೆ ಈ ವಿದ್ಯೆ ಕಲಿಸಿ ಎಂದು ಮುದುಕ ಕಮಾಲ್ ಆಗಿನ ಫ್ರೆಂಚ್ ನಿರ್ದೇಶಕನನ್ನು ಕೇಳಿದ. ನಿಮ್ಮನ್ನು ಬಿಟ್ಟರೆ ನಿಮ್ಮವರಲ್ಲಿ ಇದರ ಆಸಕ್ತಿ ಯಾರಿಗಿದೆ ಎಂಬರ್ಥದ ಉತ್ತರ ಬಂತು. ಅರವತ್ತೈದು ವರ್ಷದಿಂದ ಇಲಾಖೆ ನಿಮ್ಮ ಕೈಯಲ್ಲಿದೆ, ನಮಗೆ ಯಾವ ಅವಕಾಶ ಕೊಟ್ಟಿರಿ ಎಂದು ಕಮಾಲ್ ತಿರುಗಿ ಕೇಳಿದ. ಮಾರಿಯೆಟ್ ಹುದ್ದೆಗೆ ಬಂದ 1858ರಿಂದ ಲೆಕ್ಕ ಹಾಕಿ ಹೇಳಿದ ಮಾತು ಅದು. ಶಾಲೆ ತೆರೆಯಲು ಸರ್ಕಾರ 1923ರಲ್ಲಿ ಒಪ್ಪಿತು. ಅದೇ ವರ್ಷ ಕಮಾಲ್ ತೀರಿಕೊಂಡ. ಪ್ರಾಚ್ಯವಸ್ತು ಇಲಾಖೆಗೆ ಈಜಿಪ್ಟಿನವನೇ ಆದ ಮುಸ್ತಫಾ ಆಮೆರ್ ಮುಖ್ಯಸ್ಥನಾಗಿ ಬರಲು 1953ರವರೆಗೆ ಕಾಯಬೇಕಾಯಿತು.

ಮಾರಿಯೆಟ್‌ನನ್ನು ಹಳೆಯ ಕಾಲದ ರೀತಿಯ ಕಲ್ಲಿನ ಪೆಟ್ಟಿಗೆಯಲ್ಲಿಟ್ಟು ಮೊದಲು ಬೂಲಾಕ್ ಮ್ಯೂಸಿಯಂನ ಅಂಗಳದಲ್ಲಿ ಹೂತಿದ್ದರು. ಮ್ಯೂಸಿಯಂ ಗಿಜಾಕ್ಕೆ ಹೋದಾಗ ಪೆಟ್ಟಿಗೆಯೂ ಹೋಯಿತು. 1902ರಲ್ಲಿ ಕೈರೋ ನಡುವಿನ ತಹ್ರೀರ್ ಬಳಿಯ ಹೊಸ ಕಟ್ಟಡಕ್ಕೆ ಬಂದಾಗ ಪೆಟ್ಟಿಗೆಯೂ ಜೊತೆಗೆ ಬಂತು. ಈಗಲೂ ಆ ತೋಟದಲ್ಲಿ ಅವನ ಸಮಾಧಿಯಿದೆ. ಹಿಂದೆ ಎತ್ತರದ ಪೀಠದ ಮೇಲೆ ಕೈಕಟ್ಟಿ ನಿಂತ ಅವನ ಕಂಚಿನ ಪ್ರತಿಮೆ. ಅದರ ಸುತ್ತ ಅರ್ಧ ವರ್ತುಲದಲ್ಲಿ ಈ ವಿದ್ಯೆಗೆ ದುಡಿದ ಬೇರೆ ಬೇರೆ ದೇಶಗಳ ವಿದ್ವಾಂಸರ ತಲೆಪ್ರತಿಮೆಗಳನ್ನು ಇಟ್ಟಿದ್ದಾರೆ. ಮೊದಮೊದಲು ಅಲ್ಲಿದ್ದವು ಯೂರೋಪಿನವರ ಮುಖಗಳೇ. ಆಮೇಲೆ ಈಜಿಪ್ಟಿನವರದೂ ಸೇರಿದವು. ಅವುಗಳಲ್ಲಿ ಒಂದು, ಒಂದಾನೊಂದು ದಿನ ಬೂಲಾಕಿನಲ್ಲಿ ಶಾಸನ ನಕಲು ಮಾಡಬೇಡವೆಂದು ತಡೆದಿದ್ದ ಹುಡುಗರಲ್ಲಿ ಒಬ್ಬನಾದ ಅಹ್ಮದ್ ಕಮಾಲ್‌ನದು.